ಚಿಟ್ಟೆ ಕಾಟ: ಭಾನುವಾರ ಎಲ್ಲರ ಮನೆಯಲ್ಲೂ ಡಬ್ಬ ಇಳಿಸೋಣ

ಮೂಲೆ ಮನೆ: ಮಳೆ ಶುರುವಾದಾಗಿನಿಂದ ಅಡುಗೆಮನೆ ತುಂಬ ಬೂದು ಬಣ್ಣದ ಸಣ್ಣ ಚಿಟ್ಟೆಗಳು. ನಮ್ಮ ಮನೆಯಲ್ಲಿ ಮಾತ್ರಾನಾ, ಎಲ್ಲರಿಗೂ ಇದೆಯಾ?

ಮಹಡಿ ಮನೆ: ನಮ್ಮಲ್ಲೂ ಇದೆ ಅಕ್ಕ. ಸ್ಪ್ರೇ ಹೊಡೆದು ಹೊಡೆದು ಸಾಕಾಯಿತು.

ಬೇವಿನಮರದ ಮನೆ: ಹಿಂದಿನ ಮೆಕ್ಕೆಜೋಳದ ಗೋಡೌನ್‌ನಿಂದಲೇ ಬರುತ್ತಿವೆ. ಮೊದಲು ಅವರನ್ನು ಕೇಳೋಣ.

ಮೇಷ್ಟ್ರ ಮನೆ: ಕೇಳೋಣ. ಅದಕ್ಕೂ ಮುಂಚೆ ಮನೆಯ ಮಂಡಕ್ಕಿ ಚೀಲ ನೋಡಿ. ಹಾರುವ ಚಿಟ್ಟೆ ದಿನಸಿ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳ. ರವೆ ಡಬ್ಬಕ್ಕೆ ಚಮಚ ಹಾಕಿ ಎತ್ತಿ. ಉದುರದೆ, ನೂಲು ಸುತ್ತಿದ ಗಂಟಾಗಿ ಬಂದರೆ ಹುಳ ಅಲ್ಲೇ ಇದೆ. ಬೆಳೆದ ಹುಳ ಡಬ್ಬ ಬಿಟ್ಟು ಗೋಡೆ ಹತ್ತಿ, ತಾರಸಿ ಮೂಲೆಯಲ್ಲೋ ಮುಚ್ಚಳದ ಅಂಚಿನಲ್ಲೋ ಗೂಡು ಕಟ್ಟುತ್ತದೆ. ಅದಕ್ಕೇ ಡಬ್ಬ ತೊಳೆದರೂ ಎರಡು ವಾರಕ್ಕೆ ಮತ್ತೆ ಹಾಜರ್. ಒಂದು ಹೆಣ್ಣು 100ಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಒಬ್ಬರೇ ಕ್ಲೀನ್ ಮಾಡಿದರೆ ಪಕ್ಕದ ಮನೆಯದು ಬಂದು ಸೇರುತ್ತದೆ.

ಮಹಡಿ ಮನೆ: ಅಕ್ಕಿ ಮೂಟೆಗೆ ಇಡೋ ಗುಳಿಗೆ ತರಿಸಲಾ ಮೇಷ್ಟ್ರೇ? ಒಬ್ಬರು ಕೊಡ್ತೀನಿ ಅಂದರು.

ಮೇಷ್ಟ್ರ ಮನೆ: ಬೇಡವೇ ಬೇಡ! ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಮುಚ್ಚಿದ ಮನೆಯಲ್ಲಿ ಜನರ ಜೀವವೇ ಹೋಗುತ್ತದೆ. ಮನೆಬಳಕೆಗೆ ಅದನ್ನು ಮಾರುವಂತೆಯೇ ಇಲ್ಲ.

ಮೂಲೆ ಮನೆ: ಹಾಗಾದರೆ ಇರೋ ರವೆ?

ಮೇಷ್ಟ್ರ ಮನೆ: ನೂಲು ಕಟ್ಟಿದ್ದನ್ನು ಕವರ್‌ನಲ್ಲಿ ಬಿಗಿದು ಕಸದ ಗಾಡಿಗೆ ಕೊಡಿ. ಚೆನ್ನಾಗಿರುವುದನ್ನು ಒಂದು ವಾರ ಫ್ರೀಜರ್‌ನಲ್ಲಿಡಿ. ಆಮೇಲೆ ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿ. ಬೇವಿನಸೊಪ್ಪು ಇಟ್ಟರೆ ಒಳಗಿನ ಹುಳ ಸಾಯುವುದಿಲ್ಲ, ಸುಮ್ನೆ ಸಮಾಧಾನ ಅಷ್ಟೆ.

ಪಾರ್ಕ್ ಎದುರು ಮನೆ: ಬೀರುವಿನಲ್ಲಿ ನಮ್ಮ ಚಳ್ಳಕೆರೆ ಕಂಬಳಿ ತೂತಾಗಿದೆ. ಇದೇ ಚಿಟ್ಟೆನಾ?

ಮೇಷ್ಟ್ರ ಮನೆ: ಅದು ಬೇರೆ ಜಾತಿ ಇರಬೇಕಮ್ಮ. ಬೆಳಕಿಗೆ ಬರದೆ ಕತ್ತಲಲ್ಲಿ ಅಡಗುತ್ತದೆ. ಅದರ ಮರಿ ಉಣ್ಣೆ, ರೇಷ್ಮೆ ತಿನ್ನುತ್ತದೆ. ಬಿಸಿಲು ಬಿದ್ದ ದಿನ ಕಂಬಳಿ ಹರವಿ, ಮಡಿಕೆ ಮಡಿಕೆಗೂ ಬ್ರಷ್ ಹಾಕಿ. ನಿಮ್ಮಲ್ಲಿ ಹಸುಗೂಸು ಇದೆ, ನುಸಿಗುಳಿಗೆ ಇಡಬೇಡಿ. ಕೆಲವು ಮಕ್ಕಳಿಗೆ ಅದರಿಂದ ರಕ್ತಕಣಗಳೇ ಒಡೆಯುತ್ತವೆ.

ಗುಂಪಿನ ಅಡ್ಮಿನ್: ಸರಿ, ಭಾನುವಾರ ಬೆಳಿಗ್ಗೆ 9ಕ್ಕೆ ಎಲ್ಲ ಮನೆಯಲ್ಲೂ ಒಟ್ಟಿಗೆ. ಶೆಲ್ಫಿನ ಪೇಪರ್ ತೆಗೆದು, ಸಂದು ಗುಡಿಸಿ ಒರೆಸಿ. ಸಂಜೆ ಗೋಡೌನ್‌ನವರ ಹತ್ತಿರ ನಾಲ್ಕೈದು ಜನ ಹೋಗೋಣ. ಚೆಲ್ಲಿದ ಜೋಳ ದಿನಾ ಗುಡಿಸಬೇಕು, ಕಿಟಕಿಗೆ ಜಾಲರಿ ಹಾಕಬೇಕು. ಇಷ್ಟೇ ಕೇಳೋದು.

ಬೇವಿನಮರದ ಮನೆ: ನಾನು ಬರ್ತೀನಿ. ಜಗಳ ಆಡಲ್ಲ, ಹೆದರಬೇಡಿ.

ಮಹಡಿ ಮನೆ: ಮಂಡಕ್ಕಿ ಚೀಲ ಮೊನ್ನೆ ತಂದಿದ್ದು. ಎಸೆಯೋಕೆ ಮನಸ್ಸೇ ಬರ್ತಿಲ್ಲ.

ಮೂಲೆ ಮನೆ: ಎಸೆಯಪ್ಪ! ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವಾ?