ಕಡ್ಡಿ ಮುರಿದಂತೆ ತೀರ್ಪು ಕೊಡುವ ಮಗ: ಆಟಿಸಂ ಇದ್ದವರಿಗೆ ನಡುವಿನದ್ದು ಕಾಣುವುದೇ ಇಲ್ಲವೇ?

ಪ್ರಶ್ನೆ (ನವನಗರ, ಬಾಗಲಕೋಟೆ)

ಹತ್ತನೆಯ ತರಗತಿಯಲ್ಲಿರುವ ನನ್ನ ಮಗನಿಗೆ ಆಟಿಸಂ (ಸ್ವಲೀನತೆ) ಇದೆ. ಗೆಳೆಯನೊಬ್ಬ ಪರೀಕ್ಷೆಯಲ್ಲಿ ಪಕ್ಕದವನದ್ದನ್ನು ನೋಡಿ ಬರೆದನೆಂಬ ಒಂದೇ ಕಾರಣಕ್ಕೆ ಚಿಕ್ಕಂದಿನ ಗೆಳೆತನವನ್ನು ಕಡಿದುಕೊಂಡಿದ್ದಾನೆ. ‘ಮೋಸ ಮಾಡಿದವನು ಮೋಸಗಾರ’ ಎಂಬುದರಾಚೆ ಅವನ ಬಳಿ ಮಾತಿಲ್ಲ. ಆದರೆ ಆಲಮಟ್ಟಿ ಅಣೆಕಟ್ಟಿನ ವಿಷಯ ತೆಗೆದರೆ ಇದೇ ಹುಡುಗ, ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದನ್ನೂ, ಸಾಂಗ್ಲಿ–ಕೊಲ್ಹಾಪುರದವರ ಪ್ರವಾಹದ ಭಯವನ್ನೂ, ನೀರಿಗಾಗಿ ಕಾದಿರುವ ರೈತರನ್ನೂ, ನಮ್ಮಂತೆ ಮನೆ ಮುಳುಗಿ ಇಲ್ಲಿಗೆ ಬಂದವರನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಯಾರನ್ನೂ ಕೆಟ್ಟವರೆನ್ನದೆ ಬಿಡಿಸಿ ಹೇಳುತ್ತಾನೆ. ಅಲ್ಲಿರುವ ವಿವೇಚನೆ ಇಲ್ಲೇಕೆ ಇಲ್ಲ?

ಉತ್ತರ (ಆಪ್ತಸಮಾಲೋಚಕಿ, ವಿಜಯಪುರ)

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಮಾನಸಿಕ ಸ್ಥಿತಿಗಳನ್ನು ಗುರುತಿಸಲು ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯು ಆಟಿಸಂನ ಲಕ್ಷಣಗಳಿಗೆ ಉದಾಹರಣೆ ಕೊಡುವಾಗ ಬಿಗಿಯಾದ ಆಲೋಚನಾ ಕ್ರಮವನ್ನೂ ಹೆಸರಿಸುತ್ತದೆ, ನಿಜ. ಆದರೆ ಎಲ್ಲವನ್ನೂ ಕಪ್ಪು ಇಲ್ಲವೇ ಬಿಳುಪು ಎಂದು ಕಾಣುವುದನ್ನು ಮನೋವೈದ್ಯ ಆರನ್ ಬೆಕ್ ವಿವರಿಸಿದ್ದು ಖಿನ್ನತೆಯಲ್ಲಿರುವವರನ್ನು ಕುರಿತು; ಅದು ಆಟಿಸಂನ ಸ್ವಂತ ಸೊತ್ತಲ್ಲ. ಆಲಮಟ್ಟಿಯ ಬಗ್ಗೆ ನಿಮ್ಮ ಮಗನಿಗೆ ಬೇಕಾದಷ್ಟು ಮಾಹಿತಿಯಿದೆ, ಯೋಚಿಸಲು ಸಮಯವಿದೆ, ಅಲ್ಲಿ ಅವನಿಗೆ ಯಾರೂ ದ್ರೋಹ ಬಗೆದಿಲ್ಲ. ಗೆಳೆಯನ ವಿಷಯದಲ್ಲಿ ಈ ಮೂರೂ ತಲೆಕೆಳಗಾಗಿವೆ. ಆಟಿಸಂ ಇರುವ ಅನೇಕರಿಗೆ ಅನಿಶ್ಚಿತತೆಯನ್ನು ತಾಳಿಕೊಳ್ಳುವುದು ಬಹಳ ಕಷ್ಟ. ‘ಇವನನ್ನು ನಂಬಬಹುದೋ ಬಾರದೋ’ ಎಂಬ ತೂಗಾಟಕ್ಕಿಂತ ಖಚಿತವಾದ ‘ಬಾರದು’ ಹಗುರವೆನಿಸುತ್ತದೆ.

ಉತ್ತರ (ಬೆಳಗಾವಿ)

ನಾನು ಸ್ವತಃ ಆಟಿಸಂ ಇರುವವನು. ಮೇಡಂ ಅವರ ಮಾತನ್ನು ಒಪ್ಪುತ್ತೇನೆ, ಆದರೆ ತಿದ್ದಬೇಕಾದದ್ದು ಹುಡುಗನನ್ನು ಮಾತ್ರ ಎಂಬಂತೆ ಕೇಳಿಸುವುದು ನನಗೆ ಸರಿಬರುವುದಿಲ್ಲ. ನಕಲು ಮಾಡಬಾರದೆಂದು ಹೇಳಿಕೊಟ್ಟವರು ಹಿರಿಯರೇ. ಆ ನಿಯಮಕ್ಕೆ ಯಾವಾಗ ಎಷ್ಟು ಸಡಿಲ ಕೊಡುತ್ತಾರೆಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಳಿದವರು ಅದನ್ನು ಮುಖಭಾವದಿಂದ ಗ್ರಹಿಸುತ್ತಾರೆ, ನಾವು ಗ್ರಹಿಸದಿದ್ದಾಗ ಹಟಮಾರಿಗಳಾಗುತ್ತೇವೆ. ಡೇಮಿಯನ್ ಮಿಲ್ಟನ್ ಎಂಬ ಆಟಿಸ್ಟಿಕ್ ಸಮಾಜಶಾಸ್ತ್ರಜ್ಞರು 2012ರಲ್ಲಿ ಬರೆದದ್ದೂ ಇದನ್ನೇ: ತಪ್ಪು ತಿಳಿವಳಿಕೆ ಎರಡೂ ಕಡೆಯದು. ಅವನಿಗೆ ‘ಸ್ವಲ್ಪ ಹೊಂದಿಕೊಂಡು ಹೋಗು’ ಎನ್ನಬೇಡಿ. ಎಷ್ಟು, ಯಾರೊಂದಿಗೆ, ಯಾಕೆ ಎಂಬುದನ್ನು ಹೇಳಿ.

ಉತ್ತರ (ಜಮಖಂಡಿ)

ನನಗಿರುವುದು ಗಮನ ನಿಲ್ಲದ, ಆತುರ ಹೆಚ್ಚಿರುವ ಸ್ಥಿತಿಯಾದ ಎಡಿಎಚ್‌ಡಿ. ನನ್ನಲ್ಲಿ ಇದು ನಿಯಮದಿಂದ ಹುಟ್ಟುವುದಿಲ್ಲ, ಸಿಟ್ಟಿನ ವೇಗದಿಂದ ಹುಟ್ಟುತ್ತದೆ. ಸಂಜೆ ‘ಇನ್ನು ಅವಳ ಮುಖ ನೋಡೆನು’ ಎಂದದ್ದು ಬೆಳಿಗ್ಗೆ ನನಗೇ ವಿಚಿತ್ರವೆನಿಸುತ್ತದೆ. ಆದ್ದರಿಂದ ನ್ಯೂರೋಡೈವರ್ಜೆಂಟ್ (ಮಿದುಳು ಬೇರೆ ಬಗೆಯಲ್ಲಿ ಕೆಲಸ ಮಾಡುವವರು) ಎಂದು ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಬಾರದು. ಬೆಳಗಾವಿಯ ಅಣ್ಣನವರ ಮಾತಿಗೂ ಒಂದು ಆಕ್ಷೇಪವಿದೆ: ಇದನ್ನು ಬರೀ ಪ್ರಾಮಾಣಿಕತೆಯೆಂದು ಹೊಗಳಿದರೆ, ಒಂಟಿಯಾಗಿ ಊಟಕ್ಕೆ ಕೂರುವವನು ಅವನೇ. ಅಕ್ಕಾ, ವಾದ ಮಾಡಬೇಡಿ, ಹಾಳೆಯ ಮೇಲೆ ಬರೆಯಿಸಿ: ಗೆಳೆಯ ಮಾಡಿದ್ದೇನು, ಅದಕ್ಕೆ ಇರಬಹುದಾದ ಕಾರಣಗಳೇನು, ಇದರಿಂದ ಯಾರಿಗೆ ಎಷ್ಟು ಹಾನಿಯಾಯಿತು. ಆಲಮಟ್ಟಿಗೆ ಅವನು ಮಾಡುವುದೂ ಅದನ್ನೇ ಅಲ್ಲವೇ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಆ ವಾರ ಗೆಳೆಯನ ತಂದೆ ಆಸ್ಪತ್ರೆಯಲ್ಲಿದ್ದರೆಂದು ಅವನ ತಾಯಿ ನನಗೆ ಹೇಳಿದ್ದಾರೆ. ಮಗನಿಗೆ ಗೊತ್ತಿಲ್ಲ. ತಿಳಿಸಲೇ?

ಬೆಳಗಾವಿ

ಆ ಹುಡುಗನ ಒಪ್ಪಿಗೆ ಪಡೆದು ತಿಳಿಸಿ, ಆದರೆ ‘ಅದಕ್ಕೇ ಕ್ಷಮಿಸು’ ಎಂದು ಕೊನೆಗೆ ಸೇರಿಸಬೇಡಿ. ಅವನು ‘ಆದರೂ ನಕಲು ತಪ್ಪೇ’ ಎಂದರೆ ಹೌದೆನ್ನಿ, ಅದು ತಪ್ಪೇ. ಗೆಳೆತನದ ಮಾತನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.