ಅಪೆಂಡಿಕ್ಸ್‌ಗೆ ಹೊಟ್ಟೆ ಕೊಯ್ದು ಅಂಡಾಶಯ ತೆಗೆಯಬಹುದಾ?

ಗೋಣಿಕೊಪ್ಪ_ಅಕ್ಕ: ನನ್ನ ತಂಗಿಗೆ ಅಪೆಂಡಿಕ್ಸ್ ಆಪರೇಷನ್ ಅಂತ ಖಾಸಗಿ ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋದರು. ಗಡ್ಡೆ ಇತ್ತು ಅಂತ ಒಂದು ಅಂಡಾಶಯವನ್ನೂ ತೆಗೆದರು. ನಡುವೆ ಡಾಕ್ಟರ್ ಹೊರಗೆ ಬಂದು ಅವಳ ಗಂಡನ ಸಹಿ ತೆಗೆದುಕೊಂಡರು, ಅಷ್ಟೇ. ಇದು ಸರೀನಾ?

ಮಡಿಕೇರಿ_ಸರ್ಜನ್: ಒಳಗೆ ಏನಿತ್ತು ಅಂತ ನೋಡದವರು ತೀರ್ಪು ಕೊಡಬೇಡಿ. ಗಡ್ಡೆಯಿಂದ ಅಂಡಾಶಯ ತಿರುಚಿಕೊಂಡು ಅದಕ್ಕೆ ರಕ್ತ ಹೋಗೋದು ನಿಂತರೆ ಗಂಟೆಗಳ ಲೆಕ್ಕ. ಹೊಲಿಗೆ ಹಾಕಿ, 120 ಕಿಲೋಮೀಟರ್ ಮೈಸೂರಿಗೆ ಕಳಿಸಿ, ಅಲ್ಲಿ ಮತ್ತೆ ಅರಿವಳಿಕೆ ಕೊಟ್ಟು ಕೊಯ್ಯಬೇಕಾ? ಗಂಡ ಸಹಿ ಹಾಕಿದ್ದಾರಲ್ಲ.

ಕುಶಾಲನಗರ_ವಕೀಲ: ಗಂಡನ ಸಹಿಗೆ ಬೆಲೆ ಇಲ್ಲ ಸಾರ್. 2008ರ ಸಮೀರಾ ಕೊಹ್ಲಿ ಕೇಸ್ ಓದಿ. ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಹೊಟ್ಟೆಯೊಳಗೆ ನೋಡುವ ತಪಾಸಣೆಗೆ ಮಾತ್ರ ಒಪ್ಪಿದ್ದವರ ಗರ್ಭಕೋಶ, ಅಂಡಾಶಯ ಎಲ್ಲಾ ತೆಗೆದಿದ್ದರು. ಹೊರಗಿದ್ದ ತಾಯಿ ಹೂಂ ಅಂದಿದ್ದರು. ಅದು ಒಪ್ಪಿಗೆಯೇ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಮಡಿಕೇರಿ_ಸರ್ಜನ್: ಜೀವ, ಆರೋಗ್ಯ ಉಳಿಸಲು ತಡ ಮಾಡಲಾಗದಿದ್ದರೆ ಮಾಡಬಹುದು ಅಂತಲೂ ಅದರಲ್ಲೇ ಇದೆ. ಆ ಸಾಲು ನುಂಗಿಬಿಟ್ಟಿರಿ. ಪರಿಹಾರ ಎಷ್ಟು ಕೊಟ್ಟರು, ಅದನ್ನೂ ಹೇಳಿ. 25 ಸಾವಿರ.

ಕಾಫಿತೋಟ_ವಿರಾಜಪೇಟೆ: ಈ 120 ಕಿಲೋಮೀಟರ್ ಕಥೆ ಸಾಕು. ಸಂಪಾಜೆ ಘಾಟಿ ಇಳಿದರೆ ಸುಳ್ಯದಲ್ಲೇ ಮೆಡಿಕಲ್ ಕಾಲೇಜು ಇದೆ.

ಸೋಮವಾರಪೇಟೆ_63: ಮಳೆಗಾಲದಲ್ಲಿ ಆ ಘಾಟಿ ಇಳಿದಿದ್ದೀರಾ? 2018ರ ಆಗಸ್ಟಲ್ಲಿ ಗುಡ್ಡ ಜರಿದು ರಸ್ತೆಯೇ ಬಂದ್. ಮಂಗಳೂರಿಗೆ ಹಾರಿಕೊಂಡು ಹೋಗೋದಾ?

ಕಾಫಿತೋಟ_ವಿರಾಜಪೇಟೆ: ಪ್ರತಿ ವರ್ಷ 2018 ಆಗಲ್ಲ. ಅದೂ ಬೇಡ, ಮಡಿಕೇರಿಯಲ್ಲೇ 2016ರಿಂದ ಸರ್ಕಾರಿ ಕಾಲೇಜಿದೆ.

ಸೋಮವಾರಪೇಟೆ_63: ಹೊಟ್ಟೆ ತೆರೆದಿಟ್ಟುಕೊಂಡು ಪಕ್ಕದ ಬೀದಿಗೂ ಕಳಿಸಕ್ಕಾಗಲ್ಲ ಮಾರಾಯ್ರೆ. ಸುಮ್ನೆ ಬರೆಯಬೇಕು ಅಂತ ಬರೆಯಬೇಡಿ.

ಕಾಫಿತೋಟ_ವಿರಾಜಪೇಟೆ: ನಾನು ತೋಟದಲ್ಲಿ ಕೂತು ಬರೀತಿಲ್ಲ, ಅಪ್ಪನನ್ನು ರಾತ್ರಿ ಅದೇ ರಸ್ತೆಯಲ್ಲಿ ಕರೆದುಕೊಂಡು ಹೋದವನು. ಮರ್ಯಾದೆಯಿಂದ ಮಾತಾಡಿ.

ಗೋಣಿಕೊಪ್ಪ_ಅಕ್ಕ: ರಸ್ತೆ ಬಿಡ್ತೀರಾ? ಅವಳಿಗೆ ಇನ್ನೂ ಮಕ್ಕಳಿಲ್ಲ. ತಿರುಚಿತ್ತು ಅಂತ ಯಾರೂ ಹೇಳಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ಗಡ್ಡೆ ಅಂತಿದೆ.

ಮಡಿಕೇರಿ_ಸರ್ಜನ್: ಇನ್ನೊಂದು ಅಂಡಾಶಯ ಇದ್ದರೆ ಮಕ್ಕಳಾಗುತ್ತವೆ.

ಥಿಯೇಟರ್_ನರ್ಸ್: ಅವರು ಕೇಳಿದ್ದು ಅದಲ್ಲ ಡಾಕ್ಟ್ರೇ. ತಿರುಚಿ ಕಪ್ಪಾಗಿದ್ದರೂ ಚಿಕ್ಕ ವಯಸ್ಸಿನವರಲ್ಲಿ ಈಗ ಬಿಡಿಸಿ ಉಳಿಸಲು ನೋಡುತ್ತಾರೆ. ಮತ್ತೆ ಅಪೆಂಡಿಕ್ಸ್‌ಗೆ ಮೊದಲು ಸ್ಕ್ಯಾನ್ ಮಾಡಿರ್ತಾರೆ ಅಲ್ವಾ? ಗಡ್ಡೆ ಕಂಡಿದ್ದರೆ ಎಚ್ಚರ ಇದ್ದಾಗಲೇ ಅವಳನ್ನೇ ಕೇಳಬಹುದಿತ್ತು.

ಮಡಿಕೇರಿ_ಸರ್ಜನ್: 'ಕಂಡಿದ್ದರೆ'. ಸ್ಕ್ಯಾನಲ್ಲಿ ಎಲ್ಲಾ ಕಾಣುವುದಾದರೆ ನಾವು ಯಾಕೆ? ಅಕ್ಕ, ಆಪರೇಷನ್ ನೋಟ್ಸ್, ಬಯಾಪ್ಸಿ ವರದಿ ಬರವಣಿಗೆಯಲ್ಲಿ ಕೇಳಿ. 72 ಗಂಟೆಯೊಳಗೆ ಕೊಡಬೇಕು, ನಿಯಮ ಇದೆ. ತಿರುಚಿತ್ತು ಅಂತ ಬರೆದಿದ್ದರೆ ನಾನು ಹೇಳಿದ್ದೇ ಸರಿ.

ಕುಶಾಲನಗರ_ವಕೀಲ: ಬರೆದಿರದಿದ್ದರೆ?

ಕಾಫಿತೋಟ_ವಿರಾಜಪೇಟೆ: @ಸೋಮವಾರಪೇಟೆ_63 ನಾನು ಹೇಳಿದ್ದು ಸುಳ್ಯ, ಮಂಗಳೂರಲ್ಲ. ಮೊದಲು ಓದಿ.