ಡೇಟಾಬೇಸಿನಲ್ಲಿ ಕೆಟ್ಟ ಕನ್ನಡ: ಈ ವಾರದ ಪ್ರಶ್ನೋತ್ತರ

ಕೋಡುಬಳೆ: ನಮಸ್ಕಾರ ಸರ್. ಮೈಎಸ್‌ಕ್ಯುಎಲ್ 8, ಕಾಲಂ ಯುಟಿಎಫ್8ಎಂಬಿ4 (ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿಡುವ ಯುಟಿಎಫ್-8 ಕ್ರಮ). ಹಳೇ ಸಾಲುಗಳಲ್ಲಿ ಕನ್ನಡದ ಜಾಗದಲ್ಲಿ ಕಸ ಕಾಣ್ತಿದೆ. ಹೊಸವು ಸರಿಯಿವೆ. ‘ಕ’ದ ಹೆಕ್ಸ್ (ಬೈಟುಗಳ 16ರ ಅಂಕಿ ರೂಪ): ಸಿ3ಎ0 ಸಿ2ಬಿ2 ಇ280ಎ2.

ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು): ನಮಸ್ಕಾರ. ಹೆಕ್ಸ್ ಸಮೇತ ಕೇಳಿದ್ದಕ್ಕೆ ಸಂತೋಷ. ‘ಕ’ ಅಂದರೆ ಇ0 ಬಿ2 95, ಮೂರೇ ಬೈಟು. ಹಳೇ ಕನೆಕ್ಷನ್ ಲ್ಯಾಟಿನ್1 (ಒಂದು ಬೈಟಿಗೆ ಒಂದೇ ಅಕ್ಷರದ ಯುರೋಪಿಯನ್ ಕ್ರಮ) ಅಂತ ಹೇಳಿ ಯುಟಿಎಫ್-8 ಕಳಿಸಿದೆ. ಸರ್ವರ್ ಪ್ರತಿ ಬೈಟನ್ನೂ ಒಂದು ಅಕ್ಷರ ಅಂದುಕೊಂಡು ಮತ್ತೊಮ್ಮೆ ಎನ್‌ಕೋಡ್ ಮಾಡಿದೆ. ‘ಕನ್ನಡ’ ಪದಕ್ಕೆ ಲೆಂಗ್ತ್ (ಬೈಟುಗಳ ಲೆಕ್ಕ) 15 ಇರಬೇಕು, ನಿಮ್ಮಲ್ಲಿ 31 ಬರುತ್ತೆ.

ಬಿಚ್ಚೋದು ಹೀಗೆ: ಕನ್ವರ್ಟ್ ಯೂಸಿಂಗ್ ಲ್ಯಾಟಿನ್1, ಅದನ್ನು ಕಾಸ್ಟ್ ಆ್ಯಸ್ ಬೈನರಿ, ಅದರ ಮೇಲೆ ಕನ್ವರ್ಟ್ ಯೂಸಿಂಗ್ ಯುಟಿಎಫ್8ಎಂಬಿ4. ನಡುವಿನ ಬೈನರಿ ಬಿಟ್ಟರೆ ಹೋದ ದಾರಿಯಲ್ಲೇ ವಾಪಸ್ ಬರ್ತೀರಿ. ಸರಿಯಿರುವ ಸಾಲಿನ ಮೇಲೆ ಓಡಿಸಿದರೆ ಲ್ಯಾಟಿನ್1ರಲ್ಲಿ ಕನ್ನಡ ಇಲ್ಲವಾದ್ದರಿಂದ ಬರೀ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತೆ. ಹಾಗಾಗಿ ಟೇಬಲ್ ನಕಲು ಮಾಡಿಟ್ಟು, ಹೆಕ್ಸ್‌ನಲ್ಲಿ ಸಿ3ಎ0ಸಿ2ಬಿ2 ಅಥವಾ ಸಿ3ಎ0ಸಿ2ಬಿ3 ಇದ್ದು, ಲ್ಯಾಟಿನ್1ಗೆ ಹೋಗಿ ಬಂದರೂ ಬದಲಾಗದ ಸಾಲುಗಳನ್ನಷ್ಟೇ ಮುಟ್ಟಿ. ಮೊದಲು ಸೆಲೆಕ್ಟ್, ಆಮೇಲೆ ಅಪ್‌ಡೇಟ್. ನಲ್ (ಖಾಲಿ ಉತ್ತರ) ಬಂದ ಸಾಲುಗಳನ್ನು ಬೇರೆ ಇಡಿ, ಅವು ನಡುವೆ ತುಂಡಾಗಿರಬಹುದು: ವಾರ್‌ಚಾರ್ 50 (50 ಅಕ್ಷರದ ಮಿತಿ) ಆಗಿದ್ದರೆ, ಪ್ರತಿ ಬೈಟೂ ಒಂದು ಅಕ್ಷರವಾಗಿ ಎಣಿಕೆಯಾಗಿ, 16 ಕನ್ನಡ ಸಂಕೇತ ಪೂರ್ತಿ ಹಿಡಿದು, 17ನೆಯದರ ಎರಡೇ ಬೈಟು ಉಳಿದಿರುತ್ತೆ.

ರಾತ್ರಿಪಾಳಿ: ಇಷ್ಟೆಲ್ಲ ಯಾಕೆ? ಆಲ್ಟರ್ ಟೇಬಲ್ ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್, ಒಂದೇ ಸಾಲು. ಫಾರ್ವರ್ಡ್ ಬಂದಿತ್ತು.

ಡಿಬಿಎ: ಆ ಫಾರ್ವರ್ಡ್ ಅಳಿಸಿ. ಲ್ಯಾಟಿನ್1 ಕಾಲಂನಲ್ಲಿ ಯುಟಿಎಫ್-8 ಬೈಟು ಕೂತಿದ್ದಾಗ ಅದನ್ನು ಓಡಿಸಿದರೆ ಮೇಲಿನ ಕಾಯಿಲೆಯೇ ಬರೋದು. ಅಲ್ಲಿ ಕಾಲಂ ಅನ್ನು ಮೊದಲು ಬ್ಲಾಬ್ (ಬರೀ ಬೈಟುಗಳ ಕಾಲಂ) ಮಾಡಿ, ನಂತರ ಯುಟಿಎಫ್8ಎಂಬಿ4 ಟೆಕ್ಸ್ಟ್ ಮಾಡಬೇಕು.

ಹಳೇಬೇರು: ನಮ್ಮಲ್ಲಿ ಪೂರಾ ಪ್ರಶ್ನಾರ್ಥಕ ಚಿಹ್ನೆ ಸರ್.

ಡಿಬಿಎ: ಹೆಕ್ಸ್ 3ಎಫ್ (ಪ್ರಶ್ನಾರ್ಥಕ ಚಿಹ್ನೆಯದೇ ಬೈಟು) ಇದ್ದರೆ ಮೂಲ ಹೋಯ್ತು. ಹಳೇ ಬ್ಯಾಕಪ್‌ನಿಂದ ವಾಪಸ್ ತನ್ನಿ.

ಕೆಂಪುಗೋಡೆ: ಇದೇ ಕಸ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬಂದಿದೆ. ಕನ್ವರ್ಟ್_ಟು ವಿನ್1252 ಕೊಟ್ಟರೂ ಎರರ್, ಲ್ಯಾಟಿನ್1 ಕೊಟ್ಟರೂ ಎರರ್.

ಡಿಬಿಎ: ಇದು ಮಜಾ ಇದೆ. ಮೈಎಸ್‌ಕ್ಯುಎಲ್‌ನ ಲ್ಯಾಟಿನ್1 ಅಸಲಿಗೆ ವಿಂಡೋಸ್ 1252. ಅದರಲ್ಲಿ ಖಾಲಿಯಿರುವ 5 ಸ್ಥಾನಗಳನ್ನೂ ಹಾಗೇ ದಾಟಿಸುತ್ತೆ. ಪೋಸ್ಟ್‌ಗ್ರೆಸ್ ದಾಟಿಸಲ್ಲ. ವಿರಾಮದ (ಒತ್ತಕ್ಷರ ಮಾಡುವ ‘್’ ಚಿಹ್ನೆಯ) ಕೊನೇ ಬೈಟು 8ಡಿ, ಅದು ವಿನ್1252ರಲ್ಲಿ ಇಲ್ಲ. ‘ಕ’ದ 95 ಗುಂಡು ಚುಕ್ಕೆಯಾಗಿದೆ, ಅದು ಲ್ಯಾಟಿನ್1ರಲ್ಲಿ ಇಲ್ಲ. ‘ಕನ್ನಡ’ ಪದದಲ್ಲಿ ಎರಡೂ ಇವೆ! ಮೈಎಸ್‌ಕ್ಯುಎಲ್‌ನಲ್ಲೇ ಬಿಚ್ಚಿ, ಮತ್ತೆ ಡಂಪ್ ತೆಗೀರಿ.

ಪುಟ್ಟಕ್ಷರ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಕ್ಕೂ ಕನ್ವರ್ಟ್ ನಡೆಯುತ್ತಾ?

ರಾತ್ರಿಪಾಳಿ: ನಡೆಯುತ್ತೆ, ಅದೂ ಲ್ಯಾಟಿನ್1 ತಾನೇ.

ಕೋಡುಬಳೆ: ಅಲ್ಲ ಮಾರಾಯ್ರೆ. ಹಳೇ ನುಡಿ ಅಂದ್ರೆ ಫಾಂಟಿನ ಚೂರುಗಳು. ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತೆ, ಅದನ್ನು ಮುಂದೆ ತರಬೇಕು. ಡೇಟಾಬೇಸಿಗೆ ಅದು ಗೊತ್ತಾಗಲ್ಲ.

ರಾತ್ರಿಪಾಳಿ: ಯುನಿಕೋಡ್ ಪಂಡಿತರು ಬಂದ್ರು.

ಕೋಡುಬಳೆ: ಫಾರ್ವರ್ಡ್ ಪಂಡಿತರಿಗಿಂತ ವಾಸಿ.

ತೆಂಗಿನಗರಿ: ಒರಾಕಲ್‌ನಲ್ಲಿ ವಾರ್‌ಚಾರ್2 ಅಳತೆ ಬೈಟಾ, ಅಕ್ಷರವಾ?

ಮಳೆನಾಡಿಗ: ಸರ್, ನಮ್ಮಲ್ಲೂ ಪ್ರಶ್ನಾರ್ಥಕ ಚಿಹ್ನೆ...

ಡಿಬಿಎ: ಮೇಲೆ ಓದಿ.

ರಾತ್ರಿಪಾಳಿ: ಓಡಿಸಿಯೇಬಿಟ್ಟೆ ಆ ಆಲ್ಟರ್. ಈಗ?

ಡಿಬಿಎ: ನಕಲು ಇಟ್ಟಿದ್ದೀರಾ?